ಹಾಜರಾತಿ ಬಹುಮಾನ ನಿಲ್ಲಿಸಿ, ಜ್ವರದ ಮಗು ಮನೆಯಲ್ಲಿರಲಿ

ಮಾನ್ಯ ಸಂಪಾದಕರೇ,

ಮಳೆ ಹಿಡಿಯಿತು, ತರಗತಿಗಳಲ್ಲಿ ಕೆಮ್ಮೂ ಶುರುವಾಯಿತು. ಫ್ಲೂ ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಏರುತ್ತದೆ, ಒಂದು ಮಳೆಗಾಲದಲ್ಲಿ, ಇನ್ನೊಂದು ಜನವರಿಯಿಂದ ಮಾರ್ಚ್‌ವರೆಗೆ. ‘ಕೈ ತೊಳೆಯಿರಿ, ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳಿ’ ಎಂಬ ಪೋಸ್ಟರ್ ಶಾಲೆಯ ಗೋಡೆಯಲ್ಲಿದೆ. ಅದೇ ಶಾಲೆಯ ವಾರ್ಷಿಕೋತ್ಸವದಲ್ಲಿ ಒಂದು ದಿನವೂ ತಪ್ಪಿಸದ ಮಗುವಿಗೆ ‘ಶೇ 100 ಹಾಜರಾತಿ’ ಬಹುಮಾನವೂ ಇದೆ. ನನ್ನ ತಕರಾರು ಈ ಬಹುಮಾನದ ಬಗ್ಗೆ.

ನಾನು ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಜ್ವರ ಬಂದ ಮಗುವಿಗೆ ಬೆಳಿಗ್ಗೆ ಎಂಟಕ್ಕೆ ಒಂದು ಪ್ಯಾರಾಸಿಟಮಾಲ್ ನುಂಗಿಸಿ ಬಸ್ ಹತ್ತಿಸುತ್ತಾರೆ. ಮೊದಲ ಪೀರಿಯಡ್‌ಗಳಲ್ಲಿ ಲವಲವಿಕೆಯಿಂದಲೇ ಇರುತ್ತದೆ. ಬಿಸಿಯೂಟದ ಹೊತ್ತಿಗೆ ಮಾತ್ರೆಯ ಕಸುವು ಇಳಿಯುತ್ತದೆ. ಅನ್ನ ಸೇರುವುದಿಲ್ಲ, ಡೆಸ್ಕಿನ ಮೇಲೆ ತಲೆ ಇಟ್ಟು ಮಲಗುತ್ತದೆ, ಹಣೆ ಮುಟ್ಟಿದರೆ ಕೆಂಡ. ಹೊರಗೆ ಜಡಿಮಳೆ. ಇರಚಲು ಹೊಡೆಯುತ್ತದೆ ಎಂದು ಕಿಟಕಿಗಳೆಲ್ಲ ಬಂದ್. ಒಂದು ಬೆಂಚಿನಲ್ಲಿ ನಾಲ್ಕು ಮಕ್ಕಳು ಒತ್ತಿಕೊಂಡು ಕೂತಿರುತ್ತಾರೆ. ಬೆಳಿಗ್ಗೆಯಿಂದ ಆ ಮಗು ಬಿಟ್ಟ ಉಸಿರನ್ನೇ ಉಳಿದವರೆಲ್ಲ ಎಳೆದುಕೊಂಡಿರುತ್ತಾರೆ. ಮುಂದಿನ ವಾರ ಅರ್ಧ ತರಗತಿ ಖಾಲಿ. ಒಂದು ಮಗುವಿನ ಹಾಜರಾತಿ ಉಳಿಸಲು ಹೋಗಿ ಇಷ್ಟು ಮಕ್ಕಳ ಹಾಜರಾತಿ ಕಳೆದಂತಾಯಿತು, ಅಲ್ವಾ?

ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ, ಬಂದರೆ ಪೋಷಕರಿಗೆ ತಿಳಿಸಿ ಮನೆಗೆ ಕಳಿಸಿ ಎಂದು ರಾಜ್ಯ ಸರ್ಕಾರ 2025ರ ಮೇ ಕೊನೆಯಲ್ಲಿ, ಕೋವಿಡ್ ಮತ್ತೆ ಸುದ್ದಿಯಲ್ಲಿದ್ದಾಗ, ಸುತ್ತೋಲೆಯನ್ನೇ ಹೊರಡಿಸಿತ್ತು. ಕೋವಿಡ್ ಸುದ್ದಿ ತಣ್ಣಗಾಯಿತು, ಸುತ್ತೋಲೆ ಫೈಲಿಗೆ ಹೋಯಿತು. ಫ್ಲೂ ಮಾತ್ರ ವರ್ಷ ವರ್ಷ ಬರುತ್ತಲೇ ಇದೆ.

ಪೋಷಕರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. ಫೋನ್ ಮಾಡಿದರೆ, ‘ಮೇಡಂ, ನಾಟಿ ಕೆಲಸ ನಡೀತಿದೆ, ಮನೇಲಿ ಯಾರೂ ಇಲ್ಲ, ಸಂಜೆ ತನಕ ಅಲ್ಲೇ ಇರ್ಲಿ’ ಎನ್ನುತ್ತಾರೆ. ಅವರಿಗೆ ಅದು ಒಂದು ದಿನದ ಕೂಲಿಯ ಪ್ರಶ್ನೆ. ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರವಿಲ್ಲ. ಆದರೆ ‘ಹಾಜರಾತಿ ಕಮ್ಮಿಯಾದರೆ ಪರೀಕ್ಷೆಗೆ ಕೂರಿಸಲ್ವಂತೆ’ ಎಂದು ಹೆದರಿ ಕಳಿಸುವವರೂ ಇದ್ದಾರಲ್ಲ, ಅವರಿಗೆ ಹೇಳುವುದಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬೇಕಿರುವುದು ಶೇ 75 ಹಾಜರಾತಿ. ನಾಲ್ಕು ದಿನದ ಜ್ವರಕ್ಕೆ ಅದೇನೂ ಕೈತಪ್ಪಿ ಹೋಗುವುದಿಲ್ಲ. ಮಾತ್ರೆ ಕೊಡದೆಯೇ ಪೂರ್ತಿ ಒಂದು ದಿನ ಜ್ವರ ಬಾರದಿದ್ದರೆ ಆಮೇಲೆ ಕಳಿಸಿ. ಸಣ್ಣ ಕೆಮ್ಮು ಮತ್ತೂ ಒಂದು ವಾರ ಎಳೆಯಬಹುದು. ಮಗು ಚೆನ್ನಾಗಿದ್ದರೆ ಅದಕ್ಕಾಗಿ ಮನೆಯಲ್ಲಿ ಕೂರಿಸಬೇಕಿಲ್ಲ, ಮಾಸ್ಕ್ ಹಾಕಿ ಕಳಿಸಿದರೆ ಸಾಕು.

ಮಾಸ್ಕ್ ಎಂದರೆ ಈಗ ಗೇಲಿ. ಹಾಕಿಕೊಂಡು ಬಂದ ಹುಡುಗನಿಗೆ ‘ಏನೋ, ಕೊರೊನಾನಾ?’ ಎನ್ನುತ್ತಾರೆ. ಮಾರನೆಯ ದಿನ ಅದು ಬ್ಯಾಗಿನ ತಳ ಸೇರುತ್ತದೆ. ಕೆಮ್ಮು ಬಂದ ಮೇಷ್ಟ್ರುಗಳು, ಮೇಡಂಗಳು ಮೊದಲು ಹಾಕಿಕೊಂಡು ಬರಲಿ, ಗೇಲಿ ತಾನಾಗಿ ನಿಲ್ಲುತ್ತದೆ.

ಕೈ ತೊಳೆಯುವುದಕ್ಕೆ ನಲ್ಲಿ ಇದೆ, ಸೋಪು ಇರುವುದಿಲ್ಲ. ಇಟ್ಟದ್ದು ಸಂಜೆಗೆ ಮಾಯ. ಹಳೆಯ ಸಾಕ್ಸ್‌ನೊಳಗೆ ಸೋಪು ಹಾಕಿ ನಲ್ಲಿಗೆ ಕಟ್ಟಿಬಿಡಿ, ಒದ್ದೆ ಕೈಯಲ್ಲಿ ಸಾಕ್ಸ್ ಉಜ್ಜಿದರೆ ನೊರೆ ಬರುತ್ತದೆ. ಕೆಮ್ಮು ಬಂದರೆ ಅಂಗೈ ಅಡ್ಡ ಹಿಡಿಯಬಾರದು, ಅದೇ ಕೈ ಊಟದ ತಟ್ಟೆಗೆ, ಪಕ್ಕದವನ ಪೆನ್ನಿಗೆ ಹೋಗುತ್ತದೆ. ಕರ್ಚೀಫ್ ಇಲ್ಲದಿದ್ದರೆ ಮೊಣಕೈ ಮಡಚಿ ತೋಳಿಗೆ ಕೆಮ್ಮಲಿ.

ಆದರೆ ಎಷ್ಟೇ ಕೈ ತೊಳೆದರೂ ಗಾಳಿಯಲ್ಲಿ ಬರುವುದು ಗಾಳಿಯಲ್ಲೇ ಬರುತ್ತದೆ. ಕೆಮ್ಮಿದಾಗ, ಮಾತಾಡಿದಾಗ ಹೊರಬರುವ ಸಣ್ಣ ಹನಿಗಳು ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತವೆ. ಮಳೆ ಗಾಳಿ ಯಾವ ಕಡೆಯಿಂದ ಬೀಸುತ್ತದೆಯೋ ಆ ಕಡೆಯ ಕಿಟಕಿ ಮುಚ್ಚಿ, ಎದುರು ಗೋಡೆಯದು ತೆಗೆದಿಡಿ. ಬಾಗಿಲು ತೆರೆದಿರಲಿ. ಬಸ್ಸಿನಲ್ಲೂ ಹಾಗೆಯೇ. ಗಾಜು ನಾಲ್ಕು ಬೆರಳಷ್ಟು ಸರಿಸಿದರೆ ಸಾಕು, ಹಿಂದಿನ ಸೀಟಿನಿಂದ ‘ಹಾಕ್ರೀ, ನೆನೀತೀವಿ’ ಎಂಬ ಕೂಗು ಬರುತ್ತದೆ. ಬರಲಿ. ಒಳಗಿನ ಆವಿ ಗಾಜಿಗೆ ಕಟ್ಟಿ ನೀರಾಗಿ ಇಳಿಯುತ್ತಿದ್ದರೆ, ಅದು ಬಸ್ಸಿನಲ್ಲಿರುವವರೆಲ್ಲರ ಉಸಿರು.

ಇನ್ನೊಂದು ಮಾತು. ಎರಡು ವಾರ ದಾಟಿದ ಕೆಮ್ಮನ್ನು ‘ಮಳೆಗಾಲದ್ದು ಬಿಡಿ’ ಎಂದು ತಳ್ಳಿಹಾಕಬೇಡಿ. ಕ್ಷಯವೂ ಗಾಳಿಯಲ್ಲೇ ಹರಡುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಯೂ ಔಷಧಿಯೂ ಪುಕ್ಕಟೆ.

ಶಿಕ್ಷಣ ಇಲಾಖೆಗೆ ನನ್ನ ಕೋರಿಕೆ ಇಷ್ಟೇ. ಈ ವರ್ಷದಿಂದ ಶೇ 100 ಹಾಜರಾತಿ ಬಹುಮಾನ ಕೊಡಬಾರದೆಂದು ಎಲ್ಲ ಶಾಲೆಗಳಿಗೂ ತಿಳಿಸಲಿ. ಮೂರ್ನಾಲ್ಕು ದಿನದ ಜ್ವರಕ್ಕೆ ಡಾಕ್ಟರ್ ಚೀಟಿ ಕೇಳದೆ, ಪೋಷಕರು ಬರೆದುಕೊಟ್ಟ ರಜೆ ಚೀಟಿಯನ್ನೇ ಒಪ್ಪಿಕೊಳ್ಳಲಿ. ಆ ಸುತ್ತೋಲೆಯನ್ನು ಪ್ರತಿ ಜೂನ್‌ನಲ್ಲಿ ಮತ್ತೊಮ್ಮೆ ಕಳಿಸಲಿ.

ಇತಿ,
ಒಬ್ಬ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ