ನಿರಾಶ್ರಿತರಿಗೆ ಸಿಮ್‌ ಕಾರ್ಡ್‌ ಹಕ್ಕಾಗಿ ಸಿಗಲಿ

ಮಾನ್ಯ ಸಂಪಾದಕರೇ,

ಯುದ್ಧದಿಂದ ಪಾರಾಗಿ ಬಂದವರ ಚಿತ್ರಗಳು ಪ್ರಕಟವಾದಾಗಲೆಲ್ಲ ‘ಸ್ಮಾರ್ಟ್‌ಫೋನ್‌ ಇಟ್ಟುಕೊಂಡವರಿಗೆ ನೆರವು ಏಕೆ ಬೇಕು’ ಎಂಬ ಮಾತು ಕೇಳಿಬರುತ್ತದೆ. ಹಾಗೆನ್ನುವವರು ಆ ಫೋನ್‌ನೊಳಗೆ ಏನಿರುತ್ತದೆ ಎಂಬುದನ್ನು ಯೋಚಿಸಬೇಕೆಂದು ನನ್ನ ವಿನಂತಿ.

ಮನೆಮಠ ಬಿಟ್ಟು ರಾತ್ರೋರಾತ್ರಿ ಹೊರಟವರ ಪಾಲಿಗೆ ಮದುವೆಯ ಫೋಟೊ, ಮಗುವಿನ ಜನನ ಪ್ರಮಾಣಪತ್ರದ ಪ್ರತಿ, ಊರಲ್ಲೇ ಉಳಿದ ತಾಯಿಯ ದನಿ ಎಲ್ಲವೂ ಉಳಿದಿರುವುದು ಅದರಲ್ಲೇ. ಕರೆಂಟ್‌ ಯಾವಾಗ ಬರುತ್ತದೋ, ಟವರ್‌ ಯಾವಾಗ ಸಿಗುತ್ತದೋ ಎಂದು ಹೇಳಲಾಗದ ಊರಿಗೆ ನೇರವಾಗಿ ಕರೆ ಮಾಡಿ ಮಾತನಾಡುವುದು ಕಷ್ಟವಾದ್ದರಿಂದ, ಹೆಚ್ಚಿನವರು ವಾಟ್ಸ್‌ಆ್ಯಪ್‌ ಧ್ವನಿ ಸಂದೇಶವನ್ನೇ ನೆಚ್ಚಿಕೊಂಡಿರುತ್ತಾರೆ. ಕಳುಹಿಸಿದ ಸಂದೇಶಕ್ಕೆ ಒಂದೇ ಟಿಕ್‌ ಬಿದ್ದು ದಿನಗಟ್ಟಲೆ ಹಾಗೆಯೇ ನಿಂತರೆ, ಅಲ್ಲಿ ಬಾಂಬ್‌ ಬಿತ್ತೋ ಬರೀ ಬ್ಯಾಟರಿ ಮುಗಿಯಿತೋ ತಿಳಿಯದೆ ಕಾಯಬೇಕು. ಎರಡನೆಯ ಟಿಕ್‌ ಮೂಡಿದರೆ, ಉತ್ತರ ಬಾರದಿದ್ದರೂ, ಫೋನ್‌ ಆನ್‌ ಆಗಿದೆಯಲ್ಲ ಎಂಬಷ್ಟು ಧೈರ್ಯ. ಬಾಂಗ್ಲಾದೇಶದ ಕಾಕ್ಸ್‌ ಬಜಾರ್‌ ಶಿಬಿರಗಳಲ್ಲಿರುವ, ಮ್ಯಾನ್ಮಾರ್‌ ಮೂಲದ ರೋಹಿಂಗ್ಯಾಗಳಲ್ಲಂತೂ ತಮ್ಮ ಭಾಷೆಯನ್ನು ಬರೆಯಬಲ್ಲವರೇ ವಿರಳವಾದ್ದರಿಂದ, ಊರಿನ ಸಾವುನೋವು, ಮದುವೆ ಮುಂಜಿಯ ಸುದ್ದಿಗಳೆಲ್ಲ ದನಿಯಲ್ಲೇ ಬಂದು ತಲುಪಬೇಕು.

ಇದು ಅಗ್ಗದಲ್ಲಿ ಸಿಗುವ ಸೌಕರ್ಯವೂ ಅಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್‌ ಕಚೇರಿಯ 2016ರ ವರದಿಯ ಪ್ರಕಾರ, ಶೇ 29ರಷ್ಟು ನಿರಾಶ್ರಿತ ಕುಟುಂಬಗಳಲ್ಲಿ ಫೋನೇ ಇರಲಿಲ್ಲ; ಕೆಲವರು ಕೈಗೆ ಸಿಗುವ ಹಣದ ಮೂರನೇ ಒಂದು ಭಾಗದವರೆಗೂ ಸಂಪರ್ಕಕ್ಕೇ ವ್ಯಯಿಸುತ್ತಿದ್ದರು. ಹೊಟ್ಟೆಗೆ ಸಾಲದವರು ಕರೆನ್ಸಿ ಹಾಕಿಸುತ್ತಾರೆಂದರೆ ಅದರ ಅಗತ್ಯವನ್ನು ಬೇರೆ ವಿವರಿಸಬೇಕಿಲ್ಲ.

ಇಷ್ಟಾದರೂ ಸರ್ಕಾರಗಳು ಮೊದಲು ಕೈಹಾಕುವುದು ಈ ಸಂಪರ್ಕಕ್ಕೇ. 2019ರ ಸೆಪ್ಟೆಂಬರ್‌ನಲ್ಲಿ ಬಾಂಗ್ಲಾದೇಶವು ಭದ್ರತೆಯ ಕಾರಣ ನೀಡಿ ರೋಹಿಂಗ್ಯಾ ಶಿಬಿರಗಳಲ್ಲಿ 3ಜಿ, 4ಜಿ ಸೇವೆಯನ್ನು ನಿರ್ಬಂಧಿಸಿತು. ಅದು ಮರಳಿದ್ದು ಸುಮಾರು ಒಂದು ವರ್ಷದ ನಂತರ, ಅದೂ ಕೋವಿಡ್‌ ಕಾಲದಲ್ಲಿ. ಬ್ರಿಟನ್‌ನಲ್ಲಿ ಸಣ್ಣ ದೋಣಿಗಳಲ್ಲಿ ಬಂದವರ ಫೋನ್‌ಗಳನ್ನು ಸಾರಾಸಗಟಾಗಿ ಕಿತ್ತುಕೊಂಡದ್ದು ಕಾನೂನುಬಾಹಿರವೆಂದು 2022ರಲ್ಲಿ ಅಲ್ಲಿನ ಹೈಕೋರ್ಟ್‌ ಹೇಳಬೇಕಾಯಿತು. ಭದ್ರತೆಯ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಗುರುತಿನ ದಾಖಲೆ ಇಲ್ಲವೆಂದು ಅಧಿಕೃತವಾಗಿ ಸಿಮ್‌ ಸಿಗದವನು ಬೇರೊಬ್ಬರ ಹೆಸರಿನ ಸಿಮ್‌ ಕೊಳ್ಳುತ್ತಾನೆ; ಆಗ ಸರ್ಕಾರಕ್ಕೆ ಬಳಕೆದಾರ ಯಾರೆಂಬುದೇ ತಿಳಿಯದು, ಸಿಮ್‌ ಮಾರಿದವನಿಗೆ ಮಾತ್ರ ಲಾಭ. ಅದೇ 2019ರಲ್ಲಿ ಉಗಾಂಡವು ನಿರಾಶ್ರಿತರ ನೋಂದಣಿ ದಾಖಲೆಯನ್ನೇ ಗುರುತಿನ ಪುರಾವೆಯಾಗಿ ಒಪ್ಪಿ, ಅವರ ಹೆಸರಿನಲ್ಲೇ ಸಿಮ್‌ ನೀಡಲು ದಾರಿ ಮಾಡಿತು.

ನಿರಾಶ್ರಿತರಿಗೆ ನೆಲೆ ಕೊಟ್ಟಿರುವ ಎಲ್ಲ ದೇಶಗಳೂ ಈ ಕ್ರಮವನ್ನು ಅನುಸರಿಸಬೇಕು. ಶಿಬಿರದಲ್ಲಿ ಅಕ್ಕಿ, ಹೊದಿಕೆಯ ಜೊತೆಗೆ ಫೋನ್‌ ಚಾರ್ಜ್‌ ಮಾಡಿಕೊಳ್ಳುವ ವ್ಯವಸ್ಥೆಯೂ ಇರಬೇಕು. ತನಿಖೆಗಾಗಿ ಫೋನ್‌ ವಶಪಡಿಸಿಕೊಳ್ಳಲೇಬೇಕಾದ ಸಂದರ್ಭದಲ್ಲಿ, ಮನೆಯವರ ನಂಬರ್‌ಗಳನ್ನು ಬರೆದುಕೊಳ್ಳಲು ಮತ್ತು ತಾನು ಬದುಕಿದ್ದೇನೆಂದು ಅವರಿಗೆ ತಿಳಿಸಲು ಅವಕಾಶ ಕೊಟ್ಟ ನಂತರವೇ ಅಧಿಕಾರಿಗಳು ಅದನ್ನು ಪಡೆಯಬೇಕೆಂಬ ನಿಯಮ ಬರಬೇಕು.

ಇತಿ,
ಪತ್ರಿಕೆಯ ಓದುಗ