ಡಬ್ಬಿಯ ಮೇಲಿನ ಚೀಟಿ

ಮೈಸೂರು,
ಸೋಮವಾರ ರಾತ್ರಿ

ಚಿರಂಜೀವಿ ಪುಟ್ಟಿಗೆ ನಿನ್ನ ಚಿಕ್ಕಪ್ಪನ ಆಶೀರ್ವಾದಗಳು.

ಇತ್ತ ನಾವೆಲ್ಲರೂ ಕ್ಷೇಮ. ನಿನ್ನೆ ನೀನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಕ್ಯಾಮೆರಾದ ಚಿತ್ರಗಳು, ಬೆಲೆ, ಮಾರುವವನ ಜೊತೆ ನಡೆದ ಮಾತುಕತೆ ಎಲ್ಲವನ್ನೂ ಎರಡು ಸಲ ಓದಿದೆ. ‘ತೆಗೆದುಕೊಳ್ಳಲೋ ಬೇಡವೋ, ಒಂದೇ ಮಾತಿನಲ್ಲಿ ಹೇಳಿ ಚಿಕ್ಕಪ್ಪ’ ಎಂದು ಕೇಳಿದ್ದೀಯ. ಒಂದೇ ಮಾತು ಬೇಕಿದ್ದರೆ, ಬೇಡ. ಆದರೆ ಕಾರಣ ಹೇಳದೆ ಬೇಡ ಎಂದರೆ ಅದು ಗದರಿಕೆಯಾಗುತ್ತದೆ, ಸಲಹೆಯಾಗುವುದಿಲ್ಲ. ನಲವತ್ತು ವರ್ಷ ಸ್ಟುಡಿಯೋ ನಡೆಸಿದವನಿಗೆ ಈ ವಿಷಯದಲ್ಲಿ ನಿನಗೆ ಹೇಳಬೇಕಾದದ್ದು ಬಹಳ ಇದೆ. ಅದಕ್ಕೇ ಕಾಗದ ಹಿಡಿದು ಕುಳಿತೆ.

ಮಾರುವವನು ‘ಇದು ನೂರಕ್ಕೆ ನೂರು ಒರಿಜಿನಲ್ ಮೇಡಂ’ ಎಂದು ನಿನಗೆ ನಾಲ್ಕು ಸಲ ಬರೆದಿದ್ದಾನೆ. ಬಹುಶಃ ಅವನು ಹೇಳುತ್ತಿರುವುದು ನಿಜವೇ. ಆದರೆ ನೀನು ಕಳಿಸಿದ್ದನ್ನು ನೋಡಿದರೆ ಇದು ಗ್ರೇ ಮಾರ್ಕೆಟ್ ಮಾಲು ಇರಬೇಕು. ಗ್ರೇ ಮಾರ್ಕೆಟ್ ಎಂದರೆ ನಕಲಿ ಮಾಲಿನ ಸಂತೆಯಲ್ಲ. ಅದೇ ಕಾರ್ಖಾನೆ, ಅದೇ ಸೆನ್ಸರ್, ಅದೇ ಗಾಜು. ಆದರೆ ಅದು ಹಾಂಗ್‌ಕಾಂಗ್‌ನಲ್ಲೋ ದುಬೈನಲ್ಲೋ ಜಪಾನಿನಲ್ಲೋ ಮಾರಲು ಹೊರಟ ಸರಕು. ಕಂಪನಿಯ ಇಲ್ಲಿನ ಶಾಖೆಯ ಕೈ ದಾಟದೆ ಬೇರೆಯವರ ಮೂಲಕ ಇಲ್ಲಿಗೆ ಬಂದಿದೆ. ಹಾಗೆ ತರಿಸಿದ್ದೆಲ್ಲ ಕಳ್ಳಮಾಲು ಎಂದೂ ನಾನು ಹೇಳುವುದಿಲ್ಲ. ತೆರಿಗೆ ಕಟ್ಟಿ, ದಾಖಲೆ ಇಟ್ಟುಕೊಂಡು ತರಿಸುವವರಿದ್ದಾರೆ. ತೆರಿಗೆ ತಪ್ಪಿಸಿ ತಂದದ್ದಾದರೆ 1962ರ ಕಸ್ಟಮ್ಸ್ ಕಾಯ್ದೆಯಡಿ ಮುಟ್ಟುಗೋಲಿಗೆ ಒಳಗಾಗುವ ವಸ್ತು ಅದು. ಯಾವುದು ಯಾವ ದಾರಿಯಲ್ಲಿ ಬಂತು ಎಂಬುದನ್ನು ಮಂಡ್ಯದ ಮನೆಯಲ್ಲಿ ಕುಳಿತು ಮೊಬೈಲಿನ ಪರದೆ ನೋಡಿ ತಿಳಿಯುವ ಉಪಾಯ ನಿನಗಿಲ್ಲ.

ಆದ್ದರಿಂದ ಅಸಲಿಯೋ ನಕಲಿಯೋ ಎಂದು ತಲೆ ಕೆಡಿಸಿಕೊಳ್ಳಬೇಡ. ಅದು ಕೆಟ್ಟ ದಿನ ನೀನು ಯಾರ ಬಾಗಿಲಿಗೆ ಹೋಗುತ್ತೀಯ ಎಂಬುದನ್ನು ಯೋಚಿಸು. ನನಗೆ ಈ ಪ್ರಶ್ನೆಯನ್ನು ಮೊದಲೇ ಕೇಳುವವರು ಯಾರೂ ಇರಲಿಲ್ಲ.

ಸ್ಟುಡಿಯೋ ತೆರೆದ ಹೊಸದರಲ್ಲಿ ವಿದೇಶಿ ಕ್ಯಾಮೆರಾದ ಮೇಲೆ ಆಮದು ಸುಂಕ ನಮ್ಮಂಥವರು ಮುಟ್ಟಲಾಗದಷ್ಟಿತ್ತು. ಗೆಳೆಯನೊಬ್ಬನ ಜೊತೆ ರಾತ್ರಿ ರೈಲು ಹತ್ತಿ ಮದ್ರಾಸಿನ ಒಂದು ಬಜಾರಿಗೆ ಹೋಗಿ, ಅರ್ಧ ಬೆಲೆಗೆ ಜಪಾನಿನ ಕ್ಯಾಮೆರಾ ತಂದೆ. ಬಿಲ್ ಇಲ್ಲ. ಚರ್ಮದ ಚೀಲವನ್ನು ಪುಕ್ಕಟೆ ಕೊಟ್ಟಿದ್ದರು, ಅದರ ವಾಸನೆ ಇನ್ನೂ ನೆನಪಿದೆ. ಎಂಟು ತಿಂಗಳು ಚೆನ್ನಾಗಿ ನಡೆಯಿತು. ಒಂಬತ್ತನೇ ತಿಂಗಳು ಪಾಂಡವಪುರದ ಕಡೆ ಒಂದು ಮದುವೆ. ಎರಡು ರೋಲ್ ತೆಗೆದು, ಮಧ್ಯರಾತ್ರಿ ಮನೆಗೆ ಬಂದು, ಬಟ್ಟೆಯನ್ನೂ ಬದಲಿಸದೆ ಕತ್ತಲೆ ಕೋಣೆಗೆ ಹೋದೆ. ನೀರು ಸೋರುತ್ತಿದ್ದ ಫಿಲ್ಮನ್ನು ಬಲ್ಬಿನ ಮುಂದೆ ಹಿಡಿದಾಗ ಎದೆ ಧಸಕ್ಕೆಂದಿತು. ಪ್ರತಿ ಚೌಕದಲ್ಲೂ ಎಡಗಡೆ ಚಿತ್ರ ಇದೆ, ಬಲಗಡೆ ಏನೂ ಇಲ್ಲ, ಗಾಜಿನಂತೆ ತಿಳಿ. ಬೆಳಕನ್ನು ಒಳಬಿಟ್ಟು ಮುಚ್ಚುವ ಶಟರಿನ ಒಂದು ಪರದೆ ಸರಿಯಾಗಿ ಓಡದೆ ಅರ್ಧ ಚೌಕವನ್ನು ಮುಚ್ಚಿಬಿಟ್ಟಿತ್ತು. ಧಾರೆ ಎರೆಯುವಾಗ ಮದುಮಗಳಿದ್ದಾಳೆ, ಅವಳ ತಂದೆಯ ಕೈ ಇದೆ, ತಂಬಿಗೆ ಇದೆ. ಮದುಮಗನಿಲ್ಲ.

ಆ ತಂದೆಯ ಮುಂದೆ ನಿಂತು ಮುಂಗಡವನ್ನು ಹಿಂದಿರುಗಿಸಿದೆ. ಅವರು ಬೈಯಲಿಲ್ಲ. ಹಣ ಎಣಿಸಿಕೊಳ್ಳಲೂ ಇಲ್ಲ. ‘ನನ್ನ ಮಗಳ ಧಾರೆ ಇನ್ನೊಂದು ಸಲ ಆಗುವುದಿಲ್ಲವಲ್ಲಪ್ಪ’ ಎಂದರು, ಅಷ್ಟೆ. ಕ್ಯಾಮೆರಾವನ್ನು ಬೆಂಗಳೂರಿಗೆ ಒಯ್ದರೆ ಸರ್ವಿಸ್‌ನವರು ಸೀರಿಯಲ್ ನಂಬರ್ ನೋಡಿ, ಇದು ನಮ್ಮಿಂದ ಹೋದದ್ದಲ್ಲ ಎಂದು ಮೇಜಿನ ಮೇಲಿನಿಂದಲೇ ನನ್ನ ಕಡೆಗೆ ತಳ್ಳಿದರು. ಮದ್ರಾಸಿಗೆ ಮತ್ತೆ ಹೋದೆ. ಆ ಅಂಗಡಿಯ ಜಾಗದಲ್ಲಿ ಯಾರೋ ಛತ್ರಿ ಮಾರುತ್ತಿದ್ದರು.

ಪುಟ್ಟಿ, ನೀನೀಗ ಇರುವುದು ಅದೇ ಹಂತದಲ್ಲಿ. ವರ್ಷಕ್ಕೆ ಮೂವತ್ತು ಮದುವೆ ಒಪ್ಪಿಕೊಂಡಿದ್ದೀಯ. ನೀವು ಈಗಿನವರು ಒಂದು ಮದುವೆಗೆ ಮೂರು ಸಾವಿರ ಚಿತ್ರ ತೆಗೆಯುತ್ತೀರಿ. ಅಲ್ಲಿಗೆ ವರ್ಷಕ್ಕೆ 90,000 ಸಲ ಶಟರ್ ಬಡಿಯಿತು. ಒಂದು ಲಕ್ಷ, ಎರಡು ಲಕ್ಷ ಸಲ ಎಂದು ಪರೀಕ್ಷಿಸಿರುವ ಶಟರ್ ನಿನ್ನ ಕೈಯಲ್ಲಿ ಎರಡೂವರೆ ವರ್ಷದೊಳಗೆ ಆ ಗಡಿಗೆ ಬರುತ್ತದೆ. ಮನೆಯಲ್ಲಿ ಮಕ್ಕಳ ಚಿತ್ರ ತೆಗೆಯುವವರಿಗೆ ವಾರಂಟಿ ಒಂದು ಸಮಾಧಾನದ ಕಾಗದ ಇರಬಹುದು. ನಿನಗೆ ಅದು ದಿನನಿತ್ಯದ ಸಾಮಾನು. ಮಾರುವವನು ಕೊಡುತ್ತೇನೆ ಎನ್ನುತ್ತಿರುವ ‘ಅಂಗಡಿಯ ಒಂದು ವರ್ಷದ ವಾರಂಟಿ’ ಆ ಅಂಗಡಿ ಇರುವವರೆಗೆ ಮಾತ್ರ. ಕಂಪನಿಯ ವಾರಂಟಿ ಸಾಮಾನ್ಯವಾಗಿ ಆಯಾ ದೇಶಕ್ಕೆ ಸೀಮಿತ. ಅಮೆರಿಕದಲ್ಲಿ ನಿಕಾನ್ ಕಂಪನಿ, ಗ್ರೇ ಮಾರ್ಕೆಟ್ ಕ್ಯಾಮೆರಾವನ್ನು ದುಡ್ಡು ಕೊಡುತ್ತೇವೆಂದರೂ ರಿಪೇರಿಗೆ ಮುಟ್ಟುವುದಿಲ್ಲ. ಇಲ್ಲಿ ನೀನು ಕೊಳ್ಳುವ ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ಹೊರದೇಶದ ಮಾಲನ್ನು ಹಣ ಪಡೆದಾದರೂ ರಿಪೇರಿ ಮಾಡುತ್ತೀರಾ ಎಂದು ಮೊದಲು ಕೇಳು.

ಇನ್ನು ನಿನ್ನ ಲೆಕ್ಕಕ್ಕೆ ಬರುತ್ತೇನೆ. ಅಂಗಡಿಯಲ್ಲಿ 1,77,000, ಅವನಲ್ಲಿ 1,42,000, ಮೂವತ್ತೈದು ಸಾವಿರ ಉಳಿತಾಯ ಎಂದು ಬರೆದಿದ್ದೀಯ. ನೀನು ಒಂದನ್ನು ಮರೆತಿದ್ದೀಯ. ಬೆಂಗಳೂರಿನ ಕಂಪನಿಯವರು ತಮ್ಮ ಕಾರ್ಯಕ್ರಮದ ಚಿತ್ರ ತೆಗೆಯಲು ಜಿಎಸ್‌ಟಿ ನಂಬರ್ ಬೇಕೆಂದರು ಎಂದು ಕಳೆದ ವರ್ಷ ನೋಂದಣಿ ಮಾಡಿಸಿದೆಯಲ್ಲವೇ? ಕ್ಯಾಮೆರಾದ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು 2019ರ ಜನವರಿ 1ರಿಂದ. 1,77,000ದಲ್ಲಿ ಕ್ಯಾಮೆರಾದ ಬೆಲೆ 1,50,000, ಉಳಿದ 27,000 ತೆರಿಗೆ. ಬಿಲ್ ನಿನ್ನ ನಂಬರಿಗೆ ಮಾಡಿಸಿ, ಅಂಗಡಿಯವರು ಅದನ್ನು ಪೋರ್ಟಲ್‌ಗೆ ಏರಿಸಿದರೆ, ನೀನು ಗಿರಾಕಿಗಳಿಂದ ಪಡೆದು ಕಟ್ಟಬೇಕಾದ ತೆರಿಗೆಯಲ್ಲಿ ಆ 27,000 ಕಳೆದುಕೊಳ್ಳಬಹುದು. ಅಲ್ಲಿಗೆ ನಿನ್ನ ಉಳಿತಾಯ ಎಂಟು ಸಾವಿರಕ್ಕೆ ಇಳಿಯಿತು. ಎಂಟು ಸಾವಿರಕ್ಕಾಗಿ ವಾರಂಟಿ, ಬಿಲ್, ನಿದ್ದೆ ಮೂರನ್ನೂ ಬಿಟ್ಟುಕೊಡುತ್ತೀಯಾ? ನಿನ್ನ ಲೆಕ್ಕ ನೋಡುವವರನ್ನು ಇದರ ಬಗ್ಗೆ ನಾಳೆಯೇ ಕೇಳು. ಬಿಲ್ ಇಲ್ಲದ ಕ್ಯಾಮೆರಾಕ್ಕೆ ವಿಮೆ ಮಾಡಿಸುವುದು ಕಷ್ಟ, ಕಳುವಾದರೆ ಠಾಣೆಯಲ್ಲಿ ನಿನ್ನದೆಂದು ತೋರಿಸುವುದೂ ಕಷ್ಟ, ಮುಂದೆ ಮಾರುವಾಗ ಕೊಳ್ಳುವವನು ಮೊದಲು ಕೇಳುವುದೇ ಡಬ್ಬಿ ಮತ್ತು ಬಿಲ್ಲನ್ನು.

ಡಬ್ಬಿ ಎಂದಾಗ ನೆನಪಾಯಿತು. ನಿನಗೆ ಅವನು ಕ್ಯಾಮೆರಾವನ್ನು ಮುಂದಿನಿಂದ, ಹಿಂದಿನಿಂದ, ಮೇಲಿನಿಂದ ತೆಗೆದ ಚಿತ್ರ ಕಳಿಸಿದ್ದಾನೆ. ಡಬ್ಬಿಯ ಚಿತ್ರವೂ ಇದೆ, ಆದರೆ ಹೆಸರು ಬರೆದ ಮೇಲ್ಭಾಗ ಮಾತ್ರ. ಪಕ್ಕಗಳನ್ನು ತೋರಿಸಿಲ್ಲ. ನನ್ನ ಕಪಾಟಿನಿಂದ ಹಳೆಯ ಲೆನ್ಸಿನ ಡಬ್ಬಿಯೊಂದನ್ನು ತೆಗೆದು ಈಗ ಮುಂದಿಟ್ಟುಕೊಂಡಿದ್ದೇನೆ. ಪಕ್ಕದಲ್ಲಿ, ಬಾರ್‌ಕೋಡಿನ ಕೆಳಗೆ, ಬೆಂಕಿಪೊಟ್ಟಣದಷ್ಟು ಅಗಲದ ಬಿಳಿ ಚೀಟಿ ಅಂಟಿದೆ. ಅಕ್ಷರ ಇರುವೆ ಸಾಲಿನಷ್ಟು ಸಣ್ಣದು. ಭಾರತಕ್ಕೆ ಆಮದು ಮಾಡಿಕೊಂಡ ಕಂಪನಿಯ ಹೆಸರು, ಇಲ್ಲಿನ ವಿಳಾಸ, ತಯಾರಾದ ದೇಶ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಫೋನ್ ನಂಬರ್. ಪೊಟ್ಟಣ ಕಟ್ಟಿದ ಸರಕುಗಳ 2011ರ ಕಾನೂನುಮಾಪನ ನಿಯಮಗಳ ಪ್ರಕಾರ ಆಮದಾದ ಸರಕಿನ ಮೇಲೆ ಈ ವಿವರ ಇರಲೇಬೇಕು. ಅವನಿಗೆ ಒಂದೇ ಸಾಲು ಬರೆ: ‘ಡಬ್ಬಿಯ ಮೇಲಿನ ಆಮದುದಾರರ ಚೀಟಿ ಮತ್ತು ಸೀರಿಯಲ್ ನಂಬರ್ ಒಟ್ಟಿಗೆ ಕಾಣುವಂತೆ ಒಂದು ಚಿತ್ರ ಕಳಿಸಿ.’ ಆ ನಂಬರನ್ನು ಕಂಪನಿಗೆ ಹೇಳಿ, ಇದು ಭಾರತದಲ್ಲಿ ಮಾರಾಟಕ್ಕೆ ಬಂದದ್ದೇ ಎಂದು ವಿಚಾರಿಸು. ಚಿತ್ರ ಬರದಿದ್ದರೆ ನಿನಗೆ ಉತ್ತರ ಸಿಕ್ಕಿದ ಹಾಗೆಯೇ.

ಜಪಾನಿನ ಮಾಲು ಎಂದು ಅವನು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಸೋನಿಯವರು ಜಪಾನಿನೊಳಗೆ ಮಾರುವ ಹಲವು ಆಲ್ಫಾ ಕ್ಯಾಮೆರಾಗಳಲ್ಲಿ ಮೆನು ಜಪಾನಿ ಭಾಷೆಯಲ್ಲಿ ಮಾತ್ರ ಇರುತ್ತದೆ ಎಂಬುದು ನಿನಗೆ ಗೊತ್ತೇ? ಛತ್ರದ ಟ್ಯೂಬ್‌ಲೈಟುಗಳು ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ಮಿಡಿಯುತ್ತವೆ. 60ರ ಲೆಕ್ಕಕ್ಕೆ ಹೊಂದಿಸಿದ ಕ್ಯಾಮೆರಾದಲ್ಲಿ ವಿಡಿಯೊ ತೆಗೆದರೆ ಪಟ್ಟೆಪಟ್ಟೆಯಾಗಿ ಮಿನುಗುತ್ತದೆ. ಬಹಳಷ್ಟು ಕ್ಯಾಮೆರಾಗಳಲ್ಲಿ ಅದನ್ನು ಬದಲಿಸಬಹುದು, ಸರಿ. ಆದರೆ ಮುಹೂರ್ತದ ಗಡಿಬಿಡಿಯಲ್ಲಿ, ಓದಲು ಬಾರದ ಲಿಪಿಯಲ್ಲಿ ಅದನ್ನು ಎಲ್ಲಿ ಹುಡುಕುತ್ತೀಯ?

ಹಣ ಕೇಳಿದ ರೀತಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ತಂದಿದೆ. ಅರ್ಧ ಹಣ ಮುಂಗಡ, ಅದೂ ಒಬ್ಬ ವ್ಯಕ್ತಿಯ ಹೆಸರಿನ ಯುಪಿಐಗೆ. ಮುಂಗಡ ಕೈ ಸೇರಿದ ಮೇಲೆ ‘ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿದೆ, ಇನ್ನು ಹನ್ನೆರಡು ಸಾವಿರ ಹಾಕಿ’ ಎನ್ನುವುದು, ‘ಬ್ಯಾಟರಿ, ಚಾರ್ಜರ್ ಈ ಬೆಲೆಗೆ ಸೇರಿಲ್ಲ’ ಎನ್ನುವುದು ಇಂಥವರ ಹಳೆಯ ದಾರಿ. ಅಂಗಡಿ ಎಲ್ಲಿದೆ ಎಂದು ನೀನು ಕೇಳಿದ್ದಕ್ಕೆ ‘ಆನ್‌ಲೈನ್ ಮಾತ್ರ’ ಎಂದಿದ್ದಾನೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವನ ಹೆಸರು, ವಿಳಾಸ ತಿಳಿಯುವುದು ನಿನ್ನ ಹಕ್ಕು. ದೊಡ್ಡ ಜಾಲತಾಣಗಳಲ್ಲಿ ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಗ್ರಾಹಕರ ಸಹಾಯವಾಣಿ 1915. ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ನೀನು ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಇವೆಲ್ಲ ನಿನಗೆ ತಿಳಿದಿರಲಿ. ಆದರೆ ನೋಟಿಸು ತಲುಪಿಸಲು ವಿಳಾಸವೇ ಇಲ್ಲದವನ ಮೇಲೆ ದೂರು ಕೊಡುವುದು ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ಆನ್‌ಲೈನ್ ಎಂದರೇ ಬೇಡ ಎಂದು ನಾನು ಹೇಳುತ್ತಿಲ್ಲ. ಕಂಪನಿಯ ಪಟ್ಟಿಯಲ್ಲಿರುವ ಅಧಿಕೃತ ಮಾರಾಟಗಾರರು ಆನ್‌ಲೈನ್‌ನಲ್ಲೂ ಇದ್ದಾರೆ, ಅಲ್ಲಿ ಕೊಳ್ಳು. ಪಾರ್ಸೆಲ್ ಬಂದಾಗ ಟೇಪು ಕತ್ತರಿಸುವುದರಿಂದ ಹಿಡಿದು ಕೊನೆಯವರೆಗೂ ವಿಡಿಯೊ ತೆಗೆದಿಡು. ಟ್ರೈಪಾಡ್, ಚೀಲ, ವಿದ್ಯುತ್ತಿನ ಕೆಲಸವೇ ಇಲ್ಲದ ಕೈಯಿಂದ ಫೋಕಸ್ ಮಾಡುವ ಲೆನ್ಸ್ ಇಂಥವನ್ನು ಎಲ್ಲಿಂದ ತಂದರೂ ನಾನು ಬೇಡ ಎನ್ನುವುದಿಲ್ಲ. ಅವುಗಳಲ್ಲಿ ಕೆಡುವುದು ಕಡಿಮೆ, ಕೆಟ್ಟರೂ ಮದುವೆ ನಿಲ್ಲುವುದಿಲ್ಲ. ರಂಗನತಿಟ್ಟಿನ ಕೊಕ್ಕರೆಗಳಿಗೆಂದು ನೀನು ಕೇಳುತ್ತಿದ್ದ ಉದ್ದ ಲೆನ್ಸ್ ಆ ಸಾಲಿಗೆ ಸೇರುವುದಿಲ್ಲ, ಅದರೊಳಗೆ ಮೋಟಾರೂ ಇದೆ, ನಡುಕ ತಡೆಯುವ ಯಂತ್ರವೂ ಇದೆ. ಹಣವೇ ಅಡ್ಡಿಯಾದರೆ, ಇಲ್ಲಿಯ ಬಿಲ್ ಇರುವ ಒಂದು ವರ್ಷ ಹಳೆಯ ಕ್ಯಾಮೆರಾ, ಬಿಲ್ ಇಲ್ಲದ ಹೊಸದಕ್ಕಿಂತ ಎಷ್ಟೋ ಮೇಲು. ಶಟರ್ ಎಷ್ಟು ಸಲ ಓಡಿದೆ ಎಂದು ನೋಡಿ ಕೊಳ್ಳಬೇಕು.

ಅಣ್ಣ ಈ ಹಣವನ್ನು ಕಬ್ಬಿನ ಬಾಬ್ತಿನಿಂದ ತೆಗೆದುಕೊಟ್ಟಿದ್ದಾನೆ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಕಾರ್ಖಾನೆಯಿಂದ ಆ ಹಣ ಬರುವವರೆಗೆ ಅವನು ಎಷ್ಟು ತಿಂಗಳು ಕಾದ ಎಂಬುದು ನಿನಗಿಂತ ನನಗೆ ಚೆನ್ನಾಗಿ ಗೊತ್ತು. ‘ಮಗಳು ಕೇಳಿದ್ದಾಳೆ’ ಎಂದನಂತೆ, ಮತ್ತೇನೂ ಹೇಳಲಿಲ್ಲವಂತೆ. ಅವನು ನಿನ್ನನ್ನು ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಅದಕ್ಕೇ ನಾನು ಇಷ್ಟು ಕೇಳುತ್ತಿದ್ದೇನೆ.

ಈ ಭಾನುವಾರ ಬೆಳಗಿನ ರೈಲಿಗೆ ಬಂದುಬಿಡು. ನನ್ನ ಎರಡನೆಯ ಕ್ಯಾಮೆರಾ ಕಪಾಟಿನಲ್ಲಿ ಸುಮ್ಮನೆ ಕುಳಿತಿದೆ, ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನು ನಿನ್ನೆಯಷ್ಟೇ ಬದಲಿಸಿದೆ. ಈ ಮದುವೆಯ ಕಾಲ ಮುಗಿಯುವವರೆಗೆ ನೀನೇ ಇಟ್ಟುಕೊ. ಮಧ್ಯಾಹ್ನ ಅರಸು ರಸ್ತೆಯ ಕಡೆ ಹೋಗಿ ಎರಡು ಮೂರು ಅಂಗಡಿಗಳಲ್ಲಿ ಬೆಲೆ ಕೇಳೋಣ, ಕಂತಿನ ಲೆಕ್ಕವನ್ನೂ ಹಾಕಿಸೋಣ. ಬರುವಾಗ ಜಿಎಸ್‌ಟಿ ನೋಂದಣಿಯ ಪ್ರತಿಯನ್ನು ತರುವುದು ಮರೆಯಬೇಡ. ಮುಂಗಡವನ್ನಂತೂ ಅಲ್ಲಿಯವರೆಗೆ ಒಂದು ರೂಪಾಯಿಯನ್ನೂ ಹಾಕಬೇಡ, ನನ್ನಾಣೆ.

ನಿನ್ನ ಚಿಕ್ಕಮ್ಮ ಒತ್ತುಶಾವಿಗೆ ಮಾಡಿಡುತ್ತಾಳಂತೆ. ಅಣ್ಣ ಅತ್ತಿಗೆಗೆ ನಮ್ಮ ನಮಸ್ಕಾರಗಳನ್ನು ತಿಳಿಸು.

ಇಂತಿ ನಿನ್ನ ಪ್ರೀತಿಯ,
ಚಿಕ್ಕಪ್ಪ