ವಜ್ರಕ್ಕೂ ಒಂದು ಸುತ್ತೋಲೆ ಕಳಿಸಿಬಿಡಿ

ಮಾನ್ಯರೇ,

ನಮ್ಮ ಸಂಸ್ಥೆಯ ಕಚೇರಿ ಸುತ್ತೋಲೆ ಹೊರಡಿಸಿ ರಾತ್ರಿ ಎಂಟರ ನಂತರ ಎ.ಸಿ. ಬಂದ್ ಮಾಡಿದ್ದರಿಂದ ಸಂಶೋಧನೆಗೆ ಏನೂ ತೊಂದರೆ ಆಗಿಲ್ಲ ಅಂತ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ವರದಿ ಬಂದಿದೆ. ಎ.ಸಿ. ಬಂದಾದ ರಾತ್ರಿ ಹಿಂಬದಿಯ ಕಟ್ಟಡದ ನೆಲಮಾಳಿಗೆಯಲ್ಲಿ ಕೂತಿದ್ದವನು ನಾನೇ. ನನ್ನನ್ನು ಯಾರೂ ಕೇಳಲಿಲ್ಲ.

'ವಜ್ರ ಎಂಥ ಬಿಸಿಯನ್ನೂ ತಡೆಯುತ್ತದೆ, ನಾಲ್ಕು ಡಿಗ್ರಿಗೆ ಏನಾಗುತ್ತೆ' ಎಂದು ಅಧಿಕಾರಿಗಳು ಹೇಳಿದ್ದಾರಂತೆ. ನಿಜ, ವಜ್ರಕ್ಕೆ ಏನೂ ಆಗಿಲ್ಲ. ಆರಾಮಾಗಿದೆ. ಹಾಳಾದದ್ದು ನನ್ನ ಹನ್ನೊಂದು ಗಂಟೆಯ ಅಳತೆ.

ನೀವೂ 'ಕ್ವಾಂಟಮ್ ಪ್ರಯೋಗ' ಅಂತಷ್ಟೇ ಬರೆದು ಕೈತೊಳೆದುಕೊಂಡಿದ್ದೀರಿ. ವಿಷಯ ಇಷ್ಟೇ. ವಜ್ರದ ಮೇಲೆ ಅಲ್ಯೂಮಿನಿಯಂನ ತೆಳು ಪದರ ಕೂರಿಸಿದ್ದೇವೆ. ಬಿಸಿಯಲ್ಲಿ ಕೂರಿಸಿದ್ದು ತಣ್ಣಗಾಗುವಾಗ, ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಪಾಲು ಕುಗ್ಗಬೇಕು ಅನ್ನುತ್ತದೆ ಅಲ್ಯೂಮಿನಿಯಂ. ವಜ್ರ ಕುಗ್ಗುವುದು 1 ಪಾಲು. ಜಗಳ ಅಲ್ಲಿಂದ ಶುರು. ಪದರ ತನ್ನ ಕೆಳಗಿನ ವಜ್ರವನ್ನು ಹಿಂಡುತ್ತದೆ, ಅದರಲ್ಲೂ ಅಂಚಿನಲ್ಲಿ ಜಾಸ್ತಿ. ಆ ಹಿಂಡುವಿಕೆ ಎಷ್ಟು ಅಂತ ಹೇಳುವುದು ವಜ್ರದೊಳಗಿನ ಎನ್‌ವಿ ಸೆಂಟರ್. ಒಂದು ಕಾರ್ಬನ್ ಪರಮಾಣುವಿನ ಜಾಗದಲ್ಲಿ ಸಾರಜನಕ, ಪಕ್ಕದಲ್ಲೇ ಒಂದು ಖಾಲಿ ಜಾಗ. ಹಸಿರು ಲೇಸರ್ ಬಿಟ್ಟರೆ ಕೆಂಪಗೆ ಹೊಳೆಯುತ್ತದೆ. ಮೈಕ್ರೋವೇವ್ 2.87 ಗಿಗಾಹರ್ಟ್ಸ್ ಹತ್ತಿರ ಬಂದಾಗ ಆ ಹೊಳಪು ಸ್ವಲ್ಪ ಕುಗ್ಗಿ ಗ್ರಾಫಿನಲ್ಲಿ ಗುಳಿ ಬೀಳುತ್ತದೆ. ಹಿಂಡಿದರೆ ಗುಳಿ ಮೇಲಕ್ಕೆ, ಅಂದರೆ ಗ್ರಾಫಿನಲ್ಲಿ ಬಲಕ್ಕೆ, ಸರಿಯುತ್ತದೆ; ಒತ್ತಡದ ಪ್ರತಿ 1 ಮೆಗಾಪ್ಯಾಸ್ಕಲ್‌ಗೆ ಹೆಚ್ಚೆಂದರೆ ಹತ್ತು ಹದಿನೈದು ಕಿಲೋಹರ್ಟ್ಸ್.

ಬಿಸಿಯಾದರೆ ಅದೇ ಗುಳಿ ಕೆಳಕ್ಕೆ, ಅಂದರೆ ಎಡಕ್ಕೆ, ಜಾರುತ್ತದೆ. ಡಿಗ್ರಿಗೆ ಸುಮಾರು 74 ಕಿಲೋಹರ್ಟ್ಸ್! ಅಧಿಕಾರಿಗಳ 'ನಾಲ್ಕು ಡಿಗ್ರಿ' ಅಂದರೆ 300 ಕಿಲೋಹರ್ಟ್ಸ್ ಆಯಿತು. ನಾನು ಹುಡುಕುತ್ತಿದ್ದದ್ದೂ ಹೆಚ್ಚುಕಮ್ಮಿ ಅಷ್ಟೇ. ಪದರ ಮೇಲೆ ತಳ್ಳಿದ್ದನ್ನು ಸುತ್ತೋಲೆ ಕೆಳಗೆ ಎಳೆದು ಸರಿಸಮ ಮಾಡಿದೆ. ಪರದೆ ಮೇಲೆ ಗುಳಿ ಎಡಕ್ಕೆ, ಎಡಕ್ಕೆ ಜಾರುವುದನ್ನು ನಾನು ಸುಮ್ನೆ ಕೂತು ನೋಡಿದೆ. ಗಾಳಿ ತಾಗದಿರಲಿ ಅಂತ ಪೆಟ್ಟಿಗೆಗೆ ಹೊದಿಸಿದ್ದ ನನ್ನ ಶಾಲು ತೆಗೆದು ಮುಖ ಒರೆಸಿಕೊಂಡೆ.

ಪದರವಿಲ್ಲದ ಜಾಗದಲ್ಲಿ ಗುಳಿ ಎಷ್ಟು ಜಾರಿತು ನೋಡಿ ಅಷ್ಟನ್ನು ಕಳೆದರಾಯಿತಲ್ಲ ಅನ್ನುವ ಜಾಣರೂ ಇದ್ದಾರೆ. ಕಳೆಯುತ್ತೇವೆ ಸ್ವಾಮಿ. ಆದರೆ ಕೋಣೆ ಬಿಸಿಯಾದಾಗ ಲೆನ್ಸ್ ಸುಮ್ಮನೆ ಕೂರುವುದಿಲ್ಲ. ವಜ್ರದ ಪಕ್ಕದಲ್ಲಿಟ್ಟ ಆಯಸ್ಕಾಂತದ ಬಲವೂ ಇಳಿಯುತ್ತದೆ, ಅದರಿಂದಲೂ ಗುಳಿ ಸರಿಯುತ್ತದೆ. ನೋಡಬೇಕಿದ್ದ ಅಂಚೇ ಫೋಕಸ್ ತಪ್ಪಿತ್ತು.

ಈ ಕಚೇರಿಗೆ ವಜ್ರ ಅಂದರೆ ಮೊದಲಿಂದಲೂ ಒಡವೆಯೇ. ಮೂರು ಮಿಲಿಮೀಟರ್ ಚೂರು ತರಿಸಲು ಅರ್ಜಿ ಕೊಟ್ಟಾಗ ಆಭರಣ ಪರಿಶೀಲಕರ ಪತ್ರ ತನ್ನಿ ಅಂದವರು ಇವರೇ. ಕಾರ್ಖಾನೆಯಲ್ಲಿ ಬೆಳೆಸಿದ್ದು ಅಂದರೆ, ಹಾಗಾದರೆ ನಕಲಿಯಾ ಅಂತ ಕೇಳಿದರು. ಕಡತ ಐದು ತಿಂಗಳು ಅಲ್ಲಾಡಲಿಲ್ಲ. ಲೇಸರ್‌ಗೆ ಬೀಗ ಕೇಳಿದರೆ ಕುರ್ಚಿ ಕಳಿಸಿದರು. ಎ.ಸಿ. ಸ್ವಿಚ್ ಮೇಲೆ 'ಆರಿಸಬೇಡಿ' ಅಂತ ಚೀಟಿ ಅಂಟಿಸಿದ್ದೆ. ಆರಿಸಿದವರು ಚೀಟಿಗೇನೂ ಮಾಡಿಲ್ಲ, ಅದು ಹಾಗೇ ಇದೆ. ಪಾರ್ಕಿಂಗ್‌ನಲ್ಲಿ ಅಧಿಕಾರಿಗಳ ಖಾಲಿ ಕಾರಿನ ಎ.ಸಿ. ಮಾತ್ರ ಓಡುತ್ತಲೇ ಇರುತ್ತದೆ, ಅಲ್ವಾ? ಅದಕ್ಕೆ ಯಾವ ಸುತ್ತೋಲೆಯೂ ತಾಗುವುದಿಲ್ಲ.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಎ.ಸಿ. ಹಾಕಿಸಬೇಕು. ಇಲ್ಲವೇ ನಮ್ಮ ಕೋಣೆಗೆ ಬೇರೆ ಮೀಟರ್ ಕೊಡಬೇಕು. ಅದೂ ಆಗದಿದ್ದರೆ ಹೇಳಿಕೆ ಕೊಟ್ಟವರು ಒಂದು ರಾತ್ರಿ ನೆಲಮಾಳಿಗೆಗೆ ಬಂದು ನನ್ನ ಕುರ್ಚಿಯಲ್ಲಿ ಕೂರಲಿ. ಬೀಗದ ಬದಲು ಬಂದ ಕುರ್ಚಿ ಹೇಗೂ ಇದೆ. ಬರುವಾಗ ಟಾರ್ಚ್ ತರಲಿ, ಮೆಟ್ಟಿಲ ಬಲ್ಬು ಹೋಗಿ ಎಷ್ಟು ದಿನವಾಯಿತೋ ಲೆಕ್ಕವಿಲ್ಲ. ಅದನ್ನೂ ಯಾರಾದರೂ ನೋಡಿ.

– ಒಬ್ಬ ಸಂಶೋಧನಾ ವಿದ್ಯಾರ್ಥಿ